ಸಂದೇಶ ಯಾರಿಗೆ ತಲುಪುತ್ತದೆ: ಎಲುಬಿನ ಮಜ್ಜೆಯ ಬೆಳವಣಿಗೆ ಕಾರಕಗಳು ಮತ್ತು ಅವುಗಳ ಗ್ರಾಹಕಗಳು



ಇಂದಿನ ಉಪನ್ಯಾಸದ ವಿಷಯ ಎಲುಬಿನ ಮಜ್ಜೆಯಲ್ಲಿ ರಕ್ತ ಹುಟ್ಟುವ ಬಗೆ. ಅದರಲ್ಲಿಯೂ ಆ ಹುಟ್ಟನ್ನು ನಿಯಂತ್ರಿಸುವ ಬೆಳವಣಿಗೆ ಕಾರಕಗಳೆಂಬ ಪ್ರೋಟೀನುಗಳು ಮತ್ತು ಅವುಗಳನ್ನು ಹಿಡಿಯುವ ಗ್ರಾಹಕಗಳು. ವಿಷಯ ದೊಡ್ಡದು. ಡಜನ್ನುಗಟ್ಟಲೆ ಕಾರಕಗಳಿವೆ, ಅವಕ್ಕೆ ತಕ್ಕಂತೆ ಗ್ರಾಹಕಗಳಿವೆ. ಅವೆಲ್ಲವನ್ನೂ ಪಟ್ಟಿ ಮಾಡಿ ಹೇಳುವುದು ಪಠ್ಯಪುಸ್ತಕದ ಕೆಲಸ. ನಾನು ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಈ ಮೂರಕ್ಕೆ ಸಂಬಂಧಿಸಿದ ಮೂರು ಕಾರಕಗಳನ್ನು ಮಾತ್ರ ಎತ್ತಿಕೊಂಡು ಒಂದೇ ವಾದವನ್ನು ಮಂಡಿಸುತ್ತೇನೆ. ಕಾರಕ ಎಷ್ಟಿದೆ ಎಂಬುದಕ್ಕಿಂತ ಅದನ್ನು ಹಿಡಿಯುವ ಕೋಶ ಯಾವುದು, ಅದು ಯಾವ ಸ್ಥಿತಿಯಲ್ಲಿದೆ ಎಂಬುದೇ ರಕ್ತದ ವಿಷಯದಲ್ಲಿ ನಿರ್ಣಾಯಕ ಎನ್ನುವುದು ಆ ವಾದ. ‘ರಕ್ತ ಕಮ್ಮಿ ಇದೆ’ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುವ ನಮ್ಮ ಕಲಬುರಗಿ ಭಾಗದಲ್ಲಿ ಈ ವಾದಕ್ಕೆ ಪ್ರಯೋಗಾಲಯದ ಹೊರಗೂ ಬೆಲೆಯಿದೆ. ಉಪನ್ಯಾಸದ ಕೊನೆಯ ಭಾಗವನ್ನು ಅದಕ್ಕಾಗಿಯೇ ಕಾದಿರಿಸಿದ್ದೇನೆ.

ಮೊದಲು ಕೆಲಸದ ಗಾತ್ರವನ್ನು ನೋಡೋಣ. ವಯಸ್ಕ ಮನುಷ್ಯನ ಮಜ್ಜೆ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ಹೊರಗೆ ಕಳಿಸುತ್ತದೆ. ಸೆಕೆಂಡಿಗೆ 20 ಲಕ್ಷಕ್ಕೂ ಮಿಗಿಲು. ಪ್ಲೇಟ್‌ಲೆಟ್‌ಗಳು ಸುಮಾರು 10,000 ಕೋಟಿ, ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಹೆಚ್ಚುಕಡಿಮೆ ಅಷ್ಟೇ. ಕೆಂಪು ಕಣ 120 ದಿನ ಬದುಕುತ್ತದೆ, ಪ್ಲೇಟ್‌ಲೆಟ್ ಎಂಟು ಹತ್ತು ದಿನ. ರಕ್ತಕ್ಕಿಳಿದ ನ್ಯೂಟ್ರೋಫಿಲ್‌ಗಳಲ್ಲಿ ಅರ್ಧದಷ್ಟು ಕೆಲವೇ ಗಂಟೆಗಳಲ್ಲಿ ಅಲ್ಲಿಂದ ಮರೆಯಾಗುತ್ತವೆ. ಇಷ್ಟೆಲ್ಲವೂ ಹೋಲಿಕೆಯಲ್ಲಿ ತೀರ ಕಡಿಮೆ ಸಂಖ್ಯೆಯ ಆಕರಕೋಶಗಳಿಂದ ಹಂತಹಂತವಾಗಿ ಕವಲೊಡೆದು ಬರುವಂಥದು. ಎತ್ತರದ ಬೆಟ್ಟಕ್ಕೆ ಹೋದರೆ ಕೆಂಪು ಕಣ ಹೆಚ್ಚುತ್ತದೆ, ಕೀವಾದರೆ ಬಿಳಿ ಕಣ ಹೆಚ್ಚುತ್ತದೆ, ರಕ್ತ ಸೋರಿದರೆ ಪ್ಲೇಟ್‌ಲೆಟ್ ಹೆಚ್ಚುತ್ತದೆ. ಮಜ್ಜೆಗೆ ಈ ಸುದ್ದಿ ಮುಟ್ಟಿಸುವವರು ಯಾರು ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ವಿಜ್ಞಾನಿಗಳನ್ನು ಕಾಡಿದೆ.

1906ರಲ್ಲಿ ಪ್ಯಾರಿಸಿನ ಕಾರ್ನೋ ಮತ್ತು ಡೆಫ್ಲಾಂಡ್ರ್ ಎಂಬಿಬ್ಬರು ರಕ್ತಹೀನ ಮೊಲದ ಸೀರಂ ಅನ್ನು ಬೇರೆ ಮೊಲಕ್ಕೆ ಚುಚ್ಚಿ, ಕೆಂಪು ಕಣ ಹೆಚ್ಚಿಸುವ ವಸ್ತುವೊಂದು ಅದರಲ್ಲಿದೆ ಎಂದು ಸಾರಿದರು. ಆ ವಸ್ತು ಶುದ್ಧ ರೂಪದಲ್ಲಿ ಕೈಗೆ ಸಿಗಲು ಎಪ್ಪತ್ತು ವರ್ಷ ಹಿಡಿಯಿತು. 1977ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಗೋಲ್ಡ್‌ವಾಸರ್ ಮತ್ತು ಅವರ ಸಂಗಡಿಗರಾದ ಮಿಯಾಕೆ, ಕುಂಗ್ 2,550 ಲೀಟರ್ ಮೂತ್ರವನ್ನು ಸೋಸಿ ಕೆಲವೇ ಮಿಲಿಗ್ರಾಂ ಎರಿಥ್ರೊಪೊಯೆಟಿನ್ ಪಡೆದರು. ಆ ಮೂತ್ರ ಯಾರದು ಎಂಬುದರ ಮೇಲೆ ನಿಮ್ಮ ಗಮನ ಸೆಳೆಯಬೇಕು. ಅದು ಜಪಾನಿನ ಕುಮಾಮೊಟೊದಲ್ಲಿ ಅಪ್ಲಾಸ್ಟಿಕ್ ಅನೀಮಿಯಾ ಆಗಿದ್ದವರದು, ಎಂದರೆ ಮಜ್ಜೆಯೇ ಬತ್ತಿಹೋದವರದು. ರಕ್ತ ಅತಿ ಕಡಿಮೆ ಇದ್ದವರ ದೇಹದಲ್ಲಿಯೇ ರಕ್ತವರ್ಧಕ ಕಾರಕ ಅತಿ ಹೆಚ್ಚಾಗಿತ್ತು, ಮೂತ್ರಕ್ಕಿಳಿಯುವಷ್ಟು ಹೆಚ್ಚಾಗಿತ್ತು. ಮೂತ್ರಪಿಂಡ ಆಮ್ಲಜನಕದ ಕೊರತೆಯನ್ನು ಗುರುತಿಸಿ ಎಡೆಬಿಡದೆ ಕಾರಕವನ್ನು ಕಳಿಸುತ್ತಿತ್ತು. ಮಜ್ಜೆಯಲ್ಲಿ ಅದನ್ನು ಹಿಡಿಯುವ ಕೋಶಗಳೇ ಇರಲಿಲ್ಲ. ನನ್ನ ವಾದದ ಮೊದಲ ಸಾಕ್ಷ್ಯ, ಕಾರಕ ಕಂಡುಬಂದ ಆ ಮೊದಲ ಸೀಸೆಯಲ್ಲಿಯೇ ಇತ್ತು.

ಬಿಳಿ ಕಣಗಳ ಕತೆ ಬೇರೊಂದು ದಾರಿಯಲ್ಲಿ ಸಾಗಿತು. 1960ರ ದಶಕದ ನಡುವಿನಲ್ಲಿ ಮೆಲ್ಬರ್ನಿನ ರೇ ಬ್ರ್ಯಾಡ್ಲಿ ಮತ್ತು ಡೊನಾಲ್ಡ್ ಮೆಟ್‌ಕಾಫ್, ಇಸ್ರೇಲಿನಲ್ಲಿ ಪ್ಲುಜ್ನಿಕ್ ಮತ್ತು ಲಿಯೊ ಸ್ಯಾಕ್ಸ್, ಅಗರ್ ಎಂಬ ಅರೆಗಟ್ಟಿ ಮಾಧ್ಯಮದಲ್ಲಿ ಮಜ್ಜೆಯ ಕೋಶಗಳನ್ನು ಬೆಳೆಸಲು ಕಲಿತರು. ಒಂದೊಂದು ಕೋಶವೂ ತನ್ನದೇ ಗುಂಪನ್ನು ಕಟ್ಟುತ್ತಿತ್ತು, ಆದರೆ ಯಾವುದೋ ಪೋಷಕ ವಸ್ತು ಬೆರೆಸಿದಾಗ ಮಾತ್ರ. ಆ ವಸ್ತುಗಳಿಗೆ ಕಾಲೊನಿ ಪ್ರೇರಕ ಕಾರಕಗಳೆಂದು ಹೆಸರಾಯಿತು. ಅವುಗಳಲ್ಲಿ ನ್ಯೂಟ್ರೋಫಿಲ್‌ಗಳಿಗೆ ಸಂಬಂಧಿಸಿದ್ದು ಜಿ-ಸಿಎಸ್‌ಎಫ್. 1986ರಲ್ಲಿ ಅದರ ಜೀನ್ ಕೈವಶವಾಯಿತು, 1991ರಲ್ಲಿ ಫಿಲ್‌ಗ್ರಾಸ್ಟಿಮ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. ಎರಿಥ್ರೊಪೊಯೆಟಿನ್ ಅದಕ್ಕೆ ಎರಡು ವರ್ಷ ಮೊದಲೇ, 1989ರಲ್ಲಿ, ಔಷಧವಾಗಿತ್ತು. ಪ್ಲೇಟ್‌ಲೆಟ್‌ಗಳ ವಿಷಯದಲ್ಲಿ ಕ್ರಮವೇ ತಲೆಕೆಳಗಾಯಿತು. ಎಂಪಿಎಲ್ ಎಂಬ ಗ್ರಾಹಕ ಮೊದಲು ಸಿಕ್ಕಿತು. ಇಲಿಗಳಲ್ಲಿ ರಕ್ತದ ಕಾಯಿಲೆ ತರುವ ವೈರಸ್ಸೊಂದರ ಬೆನ್ನು ಹತ್ತಿ ಹೋದವರಿಗೆ ಅದರ ಸುಳಿವು ದೊರೆತಿತ್ತು. ಅದನ್ನೇ ಬಲೆಯಾಗಿ ಬಳಸಿ ಥ್ರಾಂಬೊಪೊಯೆಟಿನ್ ಎಂಬ ಕಾರಕವನ್ನು 1994ರಲ್ಲಿ ಹಲವು ತಂಡಗಳು ಏಕಕಾಲಕ್ಕೆ ಹಿಡಿದವು.

ಇತಿಹಾಸ ಇಷ್ಟು ಸಾಕು. ಇನ್ನು ಗ್ರಾಹಕದ ಕಾರ್ಯವಿಧಾನಕ್ಕೆ ಬರುತ್ತೇನೆ.

ಗ್ರಾಹಕವೆಂದರೆ ಕೋಶದ ಹೊರಪೊರೆಯನ್ನು ಹಾದು ನಿಂತ ಪ್ರೋಟೀನು. ಅದರ ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ. ಎರಿಥ್ರೊಪೊಯೆಟಿನ್‌ನ ಒಂದು ಅಣು ಎರಡು ಗ್ರಾಹಕಗಳನ್ನು ಒಟ್ಟಿಗೆ ಹಿಡಿಯುತ್ತದೆ. ಆಗ ಅವುಗಳ ಒಳತುದಿಗೆ ಅಂಟಿಕೊಂಡಿರುವ ಜ್ಯಾಕ್-2 ಎಂಬ ಎರಡು ಕಿಣ್ವಗಳು ಎದುರುಬದುರಾಗಿ ಒಂದನ್ನೊಂದು ಎಚ್ಚರಿಸುತ್ತವೆ. ಅವು ಸ್ಟ್ಯಾಟ್-5 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ, ಅದು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಚಾಲೂ ಮಾಡುತ್ತದೆ. ಈ ಗ್ರಾಹಕಗಳ ಸಂಖ್ಯೆ ತೀರ ಕಡಿಮೆ ಎಂಬುದು ಬೆರಗಿನ ಸಂಗತಿ. ಕೆಂಪು ಕಣದ ಪೂರ್ವಕೋಶವೊಂದರ ಮೇಲೆ ಎರಿಥ್ರೊಪೊಯೆಟಿನ್ ಗ್ರಾಹಕಗಳು ಸಾವಿರದ ಆಸುಪಾಸಿನಲ್ಲಿವೆ. ಅವುಗಳಲ್ಲಿಯೂ ಸಣ್ಣದೊಂದು ಪಾಲು ತುಂಬಿದರೆ ಸಾಕು, ಕೋಶ ಸ್ಪಂದಿಸುತ್ತದೆ. ಕೆಂಪು ಕಣವಾಗಿ ಪಕ್ವವಾಗುತ್ತಿದ್ದಂತೆ ಈ ಗ್ರಾಹಕಗಳು ಮಾಯವಾಗುತ್ತವೆ. ಮಜ್ಜೆಯ ಕೋಶದ ಬಾಳಿನಲ್ಲಿ ಕಾರಕಕ್ಕೆ ಸ್ಪಂದಿಸುವ ಕಿಟಕಿ ತೆರೆದಿರುವುದು ಕೆಲವೇ ದಿನ.

ಆ ದಿನಗಳಲ್ಲಿ ಕಾರಕ ಮಾಡುವುದೇನು? ‘ಕೆಂಪು ಕಣವಾಗು’ ಎಂದು ಅದು ಆಜ್ಞಾಪಿಸುತ್ತದೆ ಎಂಬ ಕಲ್ಪನೆ ಸಹಜವಾದುದು. ಸಾಕ್ಷ್ಯಗಳು ಹೇಳುವುದು ಬೇರೆ. 1990ರಲ್ಲಿ ಕೌರಿ ಮತ್ತು ಬಾಂಡುರಾಂಟ್ ತೋರಿಸಿದಂತೆ, ಈ ಪೂರ್ವಕೋಶಗಳು ಸುಮ್ಮನೆ ಬಿಟ್ಟರೆ ತಾವೇ ಸಾಯುವ ಕೋಶಗಳು. ಎರಿಥ್ರೊಪೊಯೆಟಿನ್ ಆ ಸಾವನ್ನು ತಡೆಯುತ್ತದೆ. ಮಜ್ಜೆ ಬೇಕಾದ್ದಕ್ಕಿಂತ ಹೆಚ್ಚು ಪೂರ್ವಕೋಶಗಳನ್ನು ಯಾವಾಗಲೂ ತಯಾರಿಸುತ್ತಲೇ ಇರುತ್ತದೆ. ಅವುಗಳಲ್ಲಿ ಎಷ್ಟು ಉಳಿಯಬೇಕು ಎಂಬುದನ್ನು ಮಾತ್ರ ಕಾರಕ ತೀರ್ಮಾನಿಸುತ್ತದೆ. 1995ರಲ್ಲಿ ಎರಿಥ್ರೊಪೊಯೆಟಿನ್ ಗ್ರಾಹಕವನ್ನೇ ತೆಗೆದುಹಾಕಿದ ಇಲಿಗಳನ್ನು ಸೃಷ್ಟಿಸಿ ನೋಡಿದರು. ಭ್ರೂಣಗಳು ತೀವ್ರ ರಕ್ತಹೀನತೆಯಿಂದ ಗರ್ಭದಲ್ಲೇ ಸತ್ತವು. ಹಾಗಿದ್ದರೂ ಅವುಗಳ ಯಕೃತ್ತಿನಲ್ಲಿ ಕೆಂಪು ಕಣವಾಗಲೆಂದೇ ಮೀಸಲಾದ ಪೂರ್ವಕೋಶಗಳಿದ್ದವು. ಆ ದಾರಿ ಹಿಡಿಯಲು ಅವಕ್ಕೆ ಕಾರಕದ ಅಗತ್ಯ ಬಿದ್ದಿರಲಿಲ್ಲ. ಮುಂದೆ ಸಾಗಲು ಬಿದ್ದಿತ್ತು.

ಇನ್ನೂ ಸೊಗಸಾದ ಪ್ರಯೋಗವೊಂದು 1999ರಲ್ಲಿ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಲಿಂಕ್ ಅವರ ತಂಡದಿಂದ ನಡೆಯಿತು. ಇಲಿಯ ಜಿ-ಸಿಎಸ್‌ಎಫ್ ಗ್ರಾಹಕದ ಹೊರಭಾಗವನ್ನು ಹಾಗೇ ಉಳಿಸಿ, ಒಳಭಾಗಕ್ಕೆ ಎರಿಥ್ರೊಪೊಯೆಟಿನ್ ಗ್ರಾಹಕದ ಒಳಭಾಗವನ್ನು ಜೋಡಿಸಿದರು. ಕಾರಕವೇ ಆಜ್ಞೆ ಕೊಡುವುದಾದರೆ, ಕೆಂಪು ಕಣದ ಆಜ್ಞೆ ಪಡೆದ ಆ ಕೋಶಗಳು ಕೆಂಪು ಕಣಗಳಾಗಬೇಕಿತ್ತು. ಆದದ್ದು ನ್ಯೂಟ್ರೋಫಿಲ್‌ಗಳೇ. ಅವುಗಳ ಕಾರ್ಯದಲ್ಲಿ ಊನವಿತ್ತು ನಿಜ, ಜಾತಿ ಮಾತ್ರ ಬದಲಾಗಲಿಲ್ಲ. ಒಳಗಿನ ಸಂಕೇತ ಒಂದೇ ಆದರೂ ಅದಕ್ಕೆ ಅರ್ಥ ಕೊಡುವುದು ಕೋಶದ ಪೂರ್ವಸಿದ್ಧತೆ. ತೊಗರಿ ಬಿತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದವಿಲ್ಲದ ನೆಲಕ್ಕೆ ಬೀಜ ಎಷ್ಟು ಸುರಿದರೂ ಸಾಲು ಏಳುವುದಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚುವುದು ಸರಿಯಲ್ಲ. 2009ರಲ್ಲಿ ಜರ್ಮನಿಯಲ್ಲಿ ರೀಗರ್, ಶ್ರೋಡರ್ ಮತ್ತು ಸಂಗಡಿಗರು ಒಂಟಿ ಕೋಶಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ದಿನಗಟ್ಟಲೆ ಬಿಡದೆ ಚಿತ್ರೀಕರಿಸಿದರು. ಎರಡು ದಾರಿಗೂ ತೆರೆದಿದ್ದ ಪೂರ್ವಕೋಶಗಳಿಗೆ ಎಂ-ಸಿಎಸ್‌ಎಫ್ ಎಂಬ ಇನ್ನೊಂದು ಕಾಲೊನಿ ಪ್ರೇರಕ ಕಾರಕವನ್ನು ಕೊಟ್ಟಾಗ ಅವು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಾದವು, ಜಿ-ಸಿಎಸ್‌ಎಫ್ ಕೊಟ್ಟಾಗ ನ್ಯೂಟ್ರೋಫಿಲ್ ಕಡೆಗೆ ಹೊರಳಿದವು. ಬೇರೆ ಕೋಶಗಳು ಸತ್ತು ಇವಷ್ಟೇ ಉಳಿದವು ಎಂದು ವಾದಿಸಲು ಆ ಚಿತ್ರಗಳು ಎಡೆಗೊಡುವುದಿಲ್ಲ. ಆದ್ದರಿಂದ ಕಾರಕಕ್ಕೆ ನಿರ್ದೇಶನದ ಶಕ್ತಿ ಇಲ್ಲವೇ ಇಲ್ಲ ಎಂದು ಹೇಳುವಂತಿಲ್ಲ. ಕವಲುದಾರಿಯಲ್ಲಿ ನಿಂತ ಕೋಶವನ್ನು ಅದು ಒಂದು ಕಡೆಗೆ ತಿರುಗಿಸಬಲ್ಲದು. ನನ್ನ ಉತ್ತರ ಇಷ್ಟು: ಆ ಕೋಶ ಎರಡೂ ಗ್ರಾಹಕಗಳನ್ನು ಹೊತ್ತು, ಎರಡೇ ದಾರಿಗಳ ನಡುವೆ ನಿಂತಿತ್ತು. ಅದನ್ನು ಕೆಂಪು ಕಣವಾಗಿಸಲು ಎರಡರಲ್ಲಿ ಯಾವ ಕಾರಕಕ್ಕೂ ಆಗುತ್ತಿರಲಿಲ್ಲ. ನಿರ್ದೇಶನ ನಡೆಯುವುದು ಕೋಶ ಮೊದಲೇ ಒಪ್ಪಿಕೊಂಡ ಎಲ್ಲೆಯೊಳಗೆ.

ಈಗ ಎರಡನೆಯ ವಿಚಾರಕ್ಕೆ ಹೊರಳೋಣ. ಗ್ರಾಹಕವೇ ನಿರ್ಣಾಯಕವಾದರೆ, ಕಾರಕ ಸರಿಯಿದ್ದೂ ಗ್ರಾಹಕ ಕೆಟ್ಟಾಗ ರಕ್ತ ಕೆಡಬೇಕು. ಕೆಡುತ್ತದೆ. ಪ್ರಸಿದ್ಧ ನಿದರ್ಶನ ಫಿನ್ಲೆಂಡಿನ ಸ್ಕೀ ಪಟು ಈರೊ ಮ್ಯಾಂಟಿರಾಂಟಾ. 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದವರು. ಅವರ ಹಿಮೋಗ್ಲೋಬಿನ್ ಡೆಸಿಲೀಟರಿಗೆ 20 ಗ್ರಾಂ ಮೀರಿತ್ತು. ಸಂಶಯ ಸುತ್ತಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಸುಮಾರು ಮೂವತ್ತು ವರ್ಷಗಳ ನಂತರ ಆಲ್ಬರ್ಟ್ ಡ ಲಾ ಶಾಪೆಲ್ ಮತ್ತು ಸಂಗಡಿಗರು ಅವರ ಕುಟುಂಬವನ್ನು ಪರೀಕ್ಷಿಸಿದಾಗ, ಎರಿಥ್ರೊಪೊಯೆಟಿನ್ ಗ್ರಾಹಕದ ಬಾಲದಲ್ಲಿ 70 ಅಮೈನೊ ಆಮ್ಲಗಳು ಕಡಿಮೆಯಾಗಿದ್ದುದು ಕಂಡಿತು. ಸಂಕೇತವನ್ನು ಆರಿಸುವ ಕಿಣ್ವ ಬಂದು ಕೂಡುವ ಜಾಗ ಆ ಬಾಲದಲ್ಲಿಯೇ ಇತ್ತು. ಬಾಲ ಹೋದ ಮೇಲೆ ಸಂಕೇತ ಹೊತ್ತಿಕೊಂಡರೆ ಬೇಗ ಆರುತ್ತಿರಲಿಲ್ಲ. ಕಾರಕ ಹೆಚ್ಚಿರಲಿಲ್ಲ, ಮೋಸವೂ ಇರಲಿಲ್ಲ. ಆ ಮನುಷ್ಯ 2013ರವರೆಗೆ ಬದುಕಿದ್ದರು.

ಇದೇ ತೊಂದರೆ ಕೋಶದ ಒಳಗೆ, ನಡುವಯಸ್ಸು ದಾಟಿದ ಮೇಲೆ ಹುಟ್ಟಿಕೊಂಡರೆ ಅದು ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆ. 2005ರಲ್ಲಿ ನಾಲ್ಕು ತಂಡಗಳು ಬೇರೆಬೇರೆಯಾಗಿ ಒಂದೇ ಫಲಿತಾಂಶ ಪ್ರಕಟಿಸಿದವು. ಜ್ಯಾಕ್-2 ಕಿಣ್ವದ 617ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದೆ. ಈ ಕಾಯಿಲೆಯ ಸುಮಾರು ಶೇ. 95 ಮಂದಿಯಲ್ಲಿ ಆ ಬದಲಾವಣೆ ಸಿಗುತ್ತದೆ. ಗ್ರಾಹಕಕ್ಕೆ ಕಾರಕ ಬಂದು ಮುಟ್ಟದಿದ್ದರೂ ಒಳಗಿನ ಕಿಣ್ವ ಎಚ್ಚರವಾಗಿಯೇ ಇರುತ್ತದೆ. ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಭಯ. ಈ ರೋಗಿಗಳ ರಕ್ತದಲ್ಲಿ ಎರಿಥ್ರೊಪೊಯೆಟಿನ್ ತೀರ ಕಡಿಮೆ ಇರುತ್ತದೆ, ವೈದ್ಯರು ರೋಗವನ್ನು ಗುರುತಿಸಲು ಅದನ್ನೂ ಒಂದು ಲಕ್ಷಣವಾಗಿ ಬಳಸುತ್ತಾರೆ. ಕುಮಾಮೊಟೊದ ರೋಗಿಗಳನ್ನು ಇವರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕಾರಕ ಅಪಾರ, ರಕ್ತವಿಲ್ಲ. ಇಲ್ಲಿ ಕಾರಕವಿಲ್ಲ, ರಕ್ತ ಅಪಾರ.

ಈ ಸಂಕೇತಮಾರ್ಗದ ಅಧ್ಯಯನದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ‘ಅಸ್ರಿಜ್’ ಎಂಬ ಪ್ರೋಟೀನನ್ನು ವರ್ಷಗಳ ಕಾಲ ಬೆನ್ನಟ್ಟಿದೆ. ಹಣ್ಣಿನ ನೊಣದಲ್ಲಿ ಈ ಪ್ರೋಟೀನನ್ನು ತೆಗೆದರೆ ರಕ್ತದ ಪೂರ್ವಕೋಶಗಳು ಕಾಯದೆ, ಅವಧಿಗೆ ಮುನ್ನವೇ ಪಕ್ವವಾಗಿ ಮುಗಿದುಹೋಗುತ್ತವೆ ಎಂದು 2011ರಲ್ಲಿ ತೋರಿಸಿದರು. ಜ್ಯಾಕ್-ಸ್ಟ್ಯಾಟ್ ಮಾರ್ಗ ಸರಿಯಾಗಿ ನಡೆಯಲು ಕೋಶದೊಳಗಿನ ಸಣ್ಣ ಚೀಲಗಳ ಪೊರೆಯಲ್ಲಿರುವ ಅಸ್ರಿಜ್ ಬೇಕು ಎಂಬುದು 2013ರ ಫಲಿತಾಂಶ. 2019ರಲ್ಲಿ ಇಲಿಗಳಲ್ಲಿ ಅದೇ ಪ್ರೋಟೀನು ಆಕರಕೋಶಗಳನ್ನು ವಿಶ್ರಾಂತ ಸ್ಥಿತಿಯಲ್ಲಿಡುವುದನ್ನು ವರದಿ ಮಾಡಿದರು. ಗ್ರಾಹಕ ಸಂದೇಶ ಹಿಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಆ ಸಂದೇಶ ಕೋಶದೊಳಗೆ ಯಾವ ತಾಣದಲ್ಲಿ, ಎಷ್ಟು ಹೊತ್ತು ಉಳಿಯುತ್ತದೆ ಎಂಬುದೂ ಮುಖ್ಯ ಎನ್ನುವ ಪಾಠ ಇದರಲ್ಲಿದೆ. ನಮ್ಮ ವಿದ್ಯಾರ್ಥಿಗಳು ಇಂಥ ಕೆಲಸವನ್ನು ವಿದೇಶಿ ಪುಸ್ತಕದಲ್ಲಷ್ಟೇ ಹುಡುಕಬೇಕಿಲ್ಲ.

ಮೂರನೆಯ ವಿಚಾರ ಗ್ರಾಹಕದ ಇನ್ನೊಂದು ಮುಖದ ಬಗ್ಗೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾದ ಭಾಗ ಇದು. ಗ್ರಾಹಕ ಸಂದೇಶವನ್ನು ಓದುತ್ತದೆ, ಓದಿ ನುಂಗುತ್ತದೆ. ಥ್ರಾಂಬೊಪೊಯೆಟಿನ್ ಯಕೃತ್ತಿನಲ್ಲಿ ಬಹುಮಟ್ಟಿಗೆ ಒಂದೇ ಸಮನಾಗಿ ತಯಾರಾಗುತ್ತದೆ. ಪ್ಲೇಟ್‌ಲೆಟ್‌ಗಳ ಮೇಲೆ ಅದರ ಗ್ರಾಹಕಗಳಿವೆ. ಪ್ಲೇಟ್‌ಲೆಟ್ ಹೆಚ್ಚಿದ್ದಾಗ ಅವು ಕಾರಕವನ್ನು ಹಿಡಿದು ಒಳಗೆಳೆದುಕೊಂಡು ನಾಶಮಾಡುತ್ತವೆ, ಮಜ್ಜೆಗೆ ಮುಟ್ಟುವುದು ಸ್ವಲ್ಪವೇ. ಪ್ಲೇಟ್‌ಲೆಟ್ ಕಡಿಮೆಯಾದಾಗ ಹಿಡಿಯುವವರಿಲ್ಲದೆ ಕಾರಕ ಮಿಕ್ಕಿ ಮಜ್ಜೆಗೆ ಹರಿಯುತ್ತದೆ. ಎಣಿಸುವ ಅಧಿಕಾರಿ ಬೇರೆ ಬೇಕಿಲ್ಲ. ಎಣಿಕೆಗೆ ಒಳಗಾಗಬೇಕಾದ ಕಣಗಳೇ ಎಣಿಕೆಯನ್ನು ಮಾಡಿಕೊಳ್ಳುತ್ತವೆ. ಮಳೆಗಾಲದ ಡೆಂಗ್ಯೂ ದಿನಗಳಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಕುಸಿದು, ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ತಾನಾಗಿಯೇ ಮೇಲೇರುವುದರ ಹಿಂದೆ ಈ ವ್ಯವಸ್ಥೆಯ ಪಾತ್ರವಿದೆ. ಆ ಏರಿಕೆಯ ಕೀರ್ತಿ ಮಾತ್ರ ಆ ವಾರ ಮನೆಯಲ್ಲಿ ಏನನ್ನು ಕುಡಿಸಿದ್ದರೋ ಅದಕ್ಕೆ ಸಲ್ಲುತ್ತದೆ.

ಇದೇ ಗ್ರಾಹಕ ಇನ್ನೊಂದು ಅನಿರೀಕ್ಷಿತ ಸತ್ಯವನ್ನೂ ಹೊರಗೆಡವಿತು. ಹುಟ್ಟಿನಿಂದಲೇ ಎಂಪಿಎಲ್ ಗ್ರಾಹಕ ಕೆಟ್ಟಿರುವ ಮಕ್ಕಳಲ್ಲಿ ಮೊದಲು ಪ್ಲೇಟ್‌ಲೆಟ್ ಮಾತ್ರ ಕಡಿಮೆ ಇರುತ್ತದೆ, ವರ್ಷಗಳುರುಳಿದಂತೆ ಮಜ್ಜೆ ಪೂರ್ತಿ ಬತ್ತುತ್ತದೆ. ರಕ್ತದ ಆಕರಕೋಶವೂ ಉಳಿಯಲು ಇದೇ ಗ್ರಾಹಕವನ್ನು ನೆಚ್ಚಿಕೊಂಡಿದೆ ಎಂಬುದು ಇದರರ್ಥ. ಎಲ್‌ಟ್ರಾಂಬೊಪ್ಯಾಗ್ ಎಂಬ ಮಾತ್ರೆ ಈ ಗ್ರಾಹಕದ ಪೊರೆಯೊಳಗಿನ ಭಾಗಕ್ಕೆ ಅಂಟಿ ಅದನ್ನು ಚುರುಕುಗೊಳಿಸುತ್ತದೆ. ಪ್ಲೇಟ್‌ಲೆಟ್ ಕೊರತೆಗೆಂದು 2008ರಲ್ಲಿ ಬಂದ ಆ ಮಾತ್ರೆಯನ್ನು ಅಮೆರಿಕದ ವೈದ್ಯರು ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಬಳಸಿ ನೋಡಿದಾಗ, 2012ರ ವರದಿಯಂತೆ, ಕೆಲವು ರೋಗಿಗಳಲ್ಲಿ ಮೂರೂ ಬಗೆಯ ಕಣಗಳು ಮರಳಿದವು.

ನ್ಯೂಟ್ರೋಫಿಲ್‌ಗಳಿಗೂ ಅದೇ ಗುಣವಿದೆ, ಔಷಧ ತಯಾರಕರು ಅದನ್ನು ಜಾಣತನದಿಂದ ಬಳಸಿಕೊಂಡಿದ್ದಾರೆ. ಕೀಮೊಥೆರಪಿ ಪಡೆದ ರೋಗಿಯಲ್ಲಿ ನ್ಯೂಟ್ರೋಫಿಲ್ ಕುಸಿದಾಗ ಸಾಮಾನ್ಯ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಫಿಲ್‌ಗ್ರಾಸ್ಟಿಮ್ ಅನ್ನು ದಿನವೂ ಚುಚ್ಚಬೇಕು, ಏಕೆಂದರೆ ಮೂತ್ರಪಿಂಡ ಅದನ್ನು ಬೇಗ ಹೊರಹಾಕುತ್ತದೆ. ಅದೇ ಪ್ರೋಟೀನಿಗೆ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಯೊಂದನ್ನು ಜೋಡಿಸಿದರೆ ಮೂತ್ರಪಿಂಡದ ದಾರಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಗ್ರಾಹಕದ ದಾರಿ. ನ್ಯೂಟ್ರೋಫಿಲ್‌ಗಳು ಇಲ್ಲದಿರುವಷ್ಟು ಕಾಲ ಔಷಧ ರಕ್ತದಲ್ಲಿ ಉಳಿಯುತ್ತದೆ, ಅವು ಮರಳಿ ಬಂದೊಡನೆ ತಾವೇ ಅದನ್ನು ನುಂಗಿ ಮುಗಿಸುತ್ತವೆ. ಹೀಗಾಗಿ ಕೀಮೊಥೆರಪಿಯ ಒಂದು ಸುತ್ತಿಗೆ ಒಂದೇ ಚುಚ್ಚುಮದ್ದು ಸಾಕಾಗುತ್ತದೆ. ಕಮಲಾಪುರದಿಂದಲೋ ಆಳಂದದಿಂದಲೋ ಕಲಬುರಗಿಗೆ ಬಸ್ಸು ಹಿಡಿದು ಬರಬೇಕಾದ ರೋಗಿಗೆ, ಅವರ ಜೊತೆ ಕೂಲಿ ಬಿಟ್ಟು ಬರುವವರಿಗೆ, ಒಂದು ಸಲಕ್ಕೂ ಹತ್ತು ಸಲಕ್ಕೂ ಇರುವ ಅಂತರವನ್ನು ಲೆಕ್ಕ ಹಾಕಿ ಹೇಳಬೇಕಿಲ್ಲ. ಈ ಔಷಧಗಳ ತಯಾರಿಕೆ ನಮ್ಮ ಸುತ್ತಲೇ ನಡೆದಿದೆ. ಹೈದರಾಬಾದಿನ ಡಾ. ರೆಡ್ಡೀಸ್ 2001ರಲ್ಲಿ ಫಿಲ್‌ಗ್ರಾಸ್ಟಿಮ್ ಅನ್ನು ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ಬಯೋಕಾನ್, ಮೈಲಾನ್ ಕಂಪನಿಯ ಜೊತೆಗೂಡಿ ರೂಪಿಸಿದ ಪೆಗ್‌ಫಿಲ್‌ಗ್ರಾಸ್ಟಿಮ್ 2018ರ ಜೂನಿನಲ್ಲಿ ಅಮೆರಿಕದ ಒಪ್ಪಿಗೆ ಪಡೆದು, ಆ ಔಷಧದ ಮೊದಲ ಸಮರೂಪಿ ಜೈವಿಕ ಔಷಧವಾಗಿ ಅಲ್ಲಿ ಹೆಸರು ಮಾಡಿತು.

ನನ್ನ ವಾದಕ್ಕೆ ಎದುರಾಗುವ ಇನ್ನೊಂದು ಸಾಕ್ಷ್ಯವನ್ನು ಇಲ್ಲಿ ಎದುರಿಸಬೇಕು. ಮಜ್ಜೆ ಕಸಿಗಾಗಿ ದಾನ ಮಾಡುವವರಿಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಚುಚ್ಚಿದರೆ ಆಕರಕೋಶಗಳು ಮಜ್ಜೆಯನ್ನು ಬಿಟ್ಟು ರಕ್ತಕ್ಕೆ ಬರುತ್ತವೆ. ತೋಳಿನ ರಕ್ತನಾಳದಿಂದ ರಕ್ತ ಪಡೆದು, ಯಂತ್ರದಲ್ಲಿ ಆ ಕೋಶಗಳನ್ನು ಬೇರ್ಪಡಿಸಿ, ಉಳಿದ ರಕ್ತವನ್ನು ವಾಪಸು ಕೊಡುತ್ತಾರೆ. ಬೆನ್ನೆಲುಬಿಗೆ ರಂಧ್ರ ಕೊರೆಯುತ್ತಾರೆಂಬ ಭಯದಿಂದ ಹಿಂಜರಿಯುವ ಅಣ್ಣತಮ್ಮ, ಅಕ್ಕತಂಗಿಯರಿಗೆ ಇದನ್ನು ವಿವರಿಸಿ ಹೇಳಬೇಕು. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರೂ ಹೊಂದಾಣಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಸಿಗದವರಿಗಾಗಿ ಡಿಕೆಎಂಎಸ್‌ನಂಥ ದಾನಿಗಳ ನೋಂದಣಿ ಸಂಸ್ಥೆ ಬೆಂಗಳೂರಿನಲ್ಲಿದೆ. ಇರಲಿ, ಆಕ್ಷೇಪಕ್ಕೆ ಬರುತ್ತೇನೆ. ಲಿಂಕ್ ಅವರ ತಂಡವೇ 2000ದಲ್ಲಿ, ಜಿ-ಸಿಎಸ್‌ಎಫ್ ಗ್ರಾಹಕವಿರುವ ಮತ್ತು ಇಲ್ಲದ ಕೋಶಗಳನ್ನು ಬೆರೆಸಿದ ಮಜ್ಜೆಯುಳ್ಳ ಇಲಿಗಳಿಗೆ ಈ ಕಾರಕ ಕೊಟ್ಟು ನೋಡಿತು. ಗ್ರಾಹಕವಿಲ್ಲದ ಆಕರಕೋಶಗಳೂ ಅಷ್ಟೇ ಸರಾಗವಾಗಿ ಹೊರಬಂದವು. ಗ್ರಾಹಕವಿಲ್ಲದೆಯೂ ಕೋಶ ಕಾರಕಕ್ಕೆ ಸ್ಪಂದಿಸಿತಲ್ಲ, ಇನ್ನೆಲ್ಲಿ ನಿಮ್ಮ ವಾದ ಎಂದು ಕೇಳಬಹುದು. ಉತ್ತರ ಮುಂದಿನ ಪ್ರಯೋಗಗಳಲ್ಲಿ ಸಿಕ್ಕಿತು. ಸಂದೇಶವನ್ನು ಹಿಡಿದದ್ದು ನೆರೆಯ ಮೋನೊಸೈಟ್ ಬಳಗದ ಕೋಶಗಳು. ಅವುಗಳ ಮೂಲಕ ಎಲುಬಿನ ಕೋಶಗಳು ಸಿಎಕ್ಸ್‌ಸಿಎಲ್-12 ಎಂಬ, ಆಕರಕೋಶವನ್ನು ನೆಲೆಯಲ್ಲಿ ಹಿಡಿದಿಡುವ ವಸ್ತುವಿನ ತಯಾರಿಕೆಯನ್ನು ತಗ್ಗಿಸಿದವು. ಕಟ್ಟು ಸಡಿಲವಾದಾಗ ಆಕರಕೋಶ ಹೊರಟಿತು. ಆದ್ದರಿಂದ ನನ್ನ ವಾದವನ್ನು ತುಸು ತಿದ್ದಿ ಹೇಳಬೇಕು. ಹಿಡಿಯುವ ಕೋಶ ಯಾವುದು ಎಂದು ಕೇಳುವಾಗ ಅದರ ನೆರೆಹೊರೆಯನ್ನೂ ಸೇರಿಸಿ ಕೇಳಬೇಕು.

ಕೊನೆಯದಾಗಿ ನಮ್ಮ ನೆಲದ ಪ್ರಶ್ನೆಗೆ ಬರುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8, ಐದರೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇದೆ. ಇದನ್ನು ಕೇಳಿದವರು ಸಹಜವಾಗಿಯೇ ಆಕ್ಷೇಪಿಸಬಹುದು: ಹೊಟ್ಟೆಗೆ ಸರಿಯಾಗಿ ಸಿಗದ ಜನರ ಮುಂದೆ ಗ್ರಾಹಕ, ಕಿಣ್ವ ಎನ್ನುವ ಈ ಉಪನ್ಯಾಸ ಏಕೆ? ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ನನ್ನ ಕಡೆಗೇ ವಾಲುತ್ತದೆ. ಕಬ್ಬಿಣದ ಕೊರತೆಯಿಂದ ರಕ್ತಹೀನವಾದ ಹೆಂಗಸಿನ ದೇಹದಲ್ಲಿ ಎರಿಥ್ರೊಪೊಯೆಟಿನ್ ಕಡಿಮೆ ಇರುವುದಿಲ್ಲ, ಹೆಚ್ಚೇ ಇರುತ್ತದೆ. ಅವಳ ಮಜ್ಜೆಯ ಕೋಶಗಳಲ್ಲಿ ಗ್ರಾಹಕಗಳೂ ಇವೆ. ಇಲ್ಲದಿರುವುದು ಹಿಮೋಗ್ಲೋಬಿನ್ ಕಟ್ಟುವ ಕಬ್ಬಿಣ. ಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು, ಅದರಲ್ಲಿ ಬಹುಪಾಲು ಹಳೆಯ ಕೆಂಪು ಕಣಗಳಿಂದ ಮರಳಿ ಬರುವಂಥದು, ಆಹಾರದಿಂದ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಆ ಒಂದೆರಡು ಮಿಲಿಗ್ರಾಂ ತಪ್ಪುತ್ತ ಹೋದರೆ, ತಿಂಗಳ ಮುಟ್ಟಿನಲ್ಲಿ, ಹೆರಿಗೆಯಲ್ಲಿ, ಕೊಕ್ಕೆಹುಳುವಿನಲ್ಲಿ ಸೋರುತ್ತ ಹೋದರೆ, ಸಂದೇಶ ತಲುಪಿಯೂ ಕೋಶ ನಿಸ್ಸಹಾಯಕ. ಇವಳಿಗೆ ‘ರಕ್ತ ಹೆಚ್ಚಿಸುವ ಇಂಜೆಕ್ಷನ್’ ಎಂದು ದುಬಾರಿ ಕಾರಕವನ್ನು ಚುಚ್ಚುವುದು ವ್ಯರ್ಥವೆಂದು ಹೇಳಬೇಕಾದರೆ ಗ್ರಾಹಕದ ವಿಜ್ಞಾನವೇ ಬೇಕು.

ಕೆಂಪು ತಿಂದರೆ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಶ್ರೇಷ್ಠ ಹಣ್ಣು. ಅದರ ಸಿಪ್ಪೆಯ ಬಣ್ಣಕ್ಕೂ ಹಿಮೋಗ್ಲೋಬಿನ್ನಿಗೂ ನಂಟಿಲ್ಲ. ಹೆಸರಿಗೂ ಕೆಂಪಿಲ್ಲದ ತೊಗರಿಬೇಳೆಯಲ್ಲಿ, 2019ರಲ್ಲಿ ಅದೇ ಮಾನ್ಯತೆ ಪಡೆದ ನಮ್ಮ ಕಲಬುರಗಿಯ ಬೇಳೆಯಲ್ಲಿ, ಕೋಶವಿಭಜನೆಗೆ ಬೇಕಾದ ಫೋಲೇಟ್ ಹೇರಳವಾಗಿದೆ. ಜೋಳದ ರೊಟ್ಟಿಯಲ್ಲಿ ಕಬ್ಬಿಣವಿದ್ದರೂ ಅದರ ಫೈಟೇಟ್ ಆ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟದೊಡನೆ ಲಿಂಬೆಹುಳಿ ಇದ್ದರೆ ಆ ಕಟ್ಟು ಸಡಿಲುತ್ತದೆ, ಊಟವಾದ ಕೂಡಲೇ ಚಹಾ ಕುಡಿದರೆ ಬಿಗಿಯುತ್ತದೆ. 2018ರಿಂದ ನಡೆದಿರುವ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ ಈ ಇಡೀ ಉಪನ್ಯಾಸದಲ್ಲಿ ಹೆಸರಿಸಿದ ಔಷಧಗಳಲ್ಲೆಲ್ಲ ಅಗ್ಗದ್ದು, ಹೆಚ್ಚು ಜನರಿಗೆ ಬೇಕಾದದ್ದೂ ಅದೇ.

ಹಾಗಾದರೆ ಎರಿಥ್ರೊಪೊಯೆಟಿನ್ ಚುಚ್ಚುಮದ್ದು ಕೆಲಸ ಮಾಡುವುದಾದರೂ ಏಕೆ ಎಂದು ಕೇಳಬಹುದು. ಅದು ಕೆಲಸ ಮಾಡುವುದು ಕಾರಕವೇ ಇಲ್ಲದ ಕಡೆ, ಮುಖ್ಯವಾಗಿ ಮೂತ್ರಪಿಂಡ ಸೋತವರಲ್ಲಿ. ಡಯಾಲಿಸಿಸ್ ರೋಗಿಗಳಿಗೆ 1980ರ ದಶಕದ ಕೊನೆಯವರೆಗೂ ಪದೇಪದೇ ರಕ್ತ ಕೊಡುವುದೇ ಗತಿಯಾಗಿತ್ತು. ಕಾರಕ ಬಂದ ಮೇಲೆ ಅವರ ಬಾಳು ಬದಲಾಯಿತು. ಗೆಲುವಿನ ಉತ್ಸಾಹದಲ್ಲಿ ವೈದ್ಯಲೋಕ ಒಂದು ಹೆಜ್ಜೆ ಮುಂದೆ ಹೋಯಿತು. ಹಿಮೋಗ್ಲೋಬಿನ್ ಅನ್ನು ಆರೋಗ್ಯವಂತರ ಮಟ್ಟಕ್ಕೇ ಏರಿಸೋಣ ಎಂದುಕೊಂಡಿತು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13.5ರ ಗುರಿ ಇಟ್ಟವರಿಗೆ 11.3ರ ಗುರಿ ಇಟ್ಟವರಿಗಿಂತ ಸಾವು, ಹೃದಯಾಘಾತ, ಹೃದಯ ವೈಫಲ್ಯ, ಪಾರ್ಶ್ವವಾಯುಗಳ ಒಟ್ಟು ಹಾನಿ ಹೆಚ್ಚಾಯಿತು. 2009ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಪಾರ್ಶ್ವವಾಯು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಗುರಿಯನ್ನು ಕೆಳಗಿಳಿಸಿದರು.

ಥಲಸೇಮಿಯಾ ಇದರ ಎದುರು ತುದಿ. ಆ ರೋಗಿಗಳಲ್ಲಿ ಎರಿಥ್ರೊಪೊಯೆಟಿನ್ ಮಿತಿಮೀರಿ ಇರುತ್ತದೆ. ಮಜ್ಜೆ ಮುಖದ ಎಲುಬುಗಳನ್ನೂ ಉಬ್ಬಿಸುವಷ್ಟು ಹಿಗ್ಗುತ್ತದೆ, ಆದರೆ ಕೋಶಗಳು ಪಕ್ವವಾಗುವ ಮೊದಲೇ ಸಾಯುತ್ತವೆ. ಅವರಿಗೆ ಇನ್ನಷ್ಟು ಸಂದೇಶ ಬೇಡ, ತಡೆಯೊಡ್ಡುವ ಬೇರೆ ಸಂದೇಶಗಳನ್ನು ತಡೆಹಿಡಿಯಬೇಕು. 2019ರಲ್ಲಿ ಒಪ್ಪಿಗೆ ಪಡೆದ ಲುಸ್ಪಾಟರ್‌ಸೆಪ್ಟ್ ಎಂಬ ಔಷಧ ವಾಸ್ತವವಾಗಿ ಗ್ರಾಹಕವೊಂದರ ತುಣುಕು. ಕೋಶದ ಪೊರೆಯಿಂದ ಬಿಡಿಸಿ ರಕ್ತದಲ್ಲಿ ತೇಲಿಬಿಟ್ಟ ಆ ತುಣುಕು, ಕೋಶವನ್ನು ಮುಟ್ಟಬೇಕಿದ್ದ ತಡೆ ಕಾರಕಗಳನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ಕಾರಕವನ್ನು ಔಷಧ ಮಾಡಿದ ವಿಜ್ಞಾನ ಈಗ ಗ್ರಾಹಕವನ್ನೇ ಔಷಧ ಮಾಡಿದೆ.

ಮುಗಿಸುವ ಮುನ್ನ ನಮ್ಮ ಊರಿನ ಬಿಸಿಲಿಗೆ ಸಂಬಂಧಿಸಿದ ಒಂದು ಮಾತು. ಈ ಕಾರಕಗಳೆಲ್ಲ ಪ್ರೋಟೀನುಗಳು. 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು ಸಾಗಿಸಬೇಕಾದವು. 2002ರಲ್ಲಿ ನಿಕೋಲ್ ಕಾಸಾಡೆವಾಲ್ ಮತ್ತು ಸಂಗಡಿಗರು, ಎರಿಥ್ರೊಪೊಯೆಟಿನ್ ಪಡೆಯುತ್ತಿದ್ದ 13 ರೋಗಿಗಳಲ್ಲಿ ಕೆಂಪು ಕಣಗಳ ಉತ್ಪಾದನೆಯೇ ನಿಂತುಹೋದ ವರದಿ ಪ್ರಕಟಿಸಿದರು. ಚುಚ್ಚಿದ ಕಾರಕದ ವಿರುದ್ಧ ದೇಹ ಪ್ರತಿಕಾಯಗಳನ್ನು ಹುಟ್ಟಿಸಿತ್ತು, ಅವು ರೋಗಿಯ ಸ್ವಂತ ಕಾರಕವನ್ನೂ ಕಟ್ಟಿಹಾಕಿ ಗ್ರಾಹಕಕ್ಕೆ ಮುಟ್ಟದಂತೆ ಮಾಡಿದ್ದವು. ಪ್ರೋಟೀನಿನ ಅಣುಗಳು ಕೆಟ್ಟು ಗಂಟುಕಟ್ಟಿದರೆ ಇಂಥ ಪ್ರತಿಕಾಯಗಳು ಹುಟ್ಟುವ ಅಪಾಯ ಹೆಚ್ಚು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಔಷಧದಂಗಡಿಯಿಂದ ಡಯಾಲಿಸಿಸ್ ಘಟಕದವರೆಗೆ ಆ ಸೀಸೆ ಯಾವ ಡಬ್ಬಿಯಲ್ಲಿ, ಎಷ್ಟು ಹೊತ್ತು ಬರುತ್ತದೆ ಎಂದು ವಿಚಾರಿಸುವುದು ಚಿಕಿತ್ಸೆಯ ಭಾಗವೇ. ಸೂಜಿ ಎತ್ತುವ ಮೊದಲು ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಂಬ ಎರಡು ಪರೀಕ್ಷೆಗಳಿಂದ ಮಜ್ಜೆಗೆ ಕಬ್ಬಿಣ ಇದೆಯೇ ಎಂದು ನೋಡಿಕೊಳ್ಳುವುದೂ ಹಾಗೆಯೇ. ಈ ಎರಡೂ ನಮ್ಮ ನಗರದ ಪ್ರಯೋಗಶಾಲೆಗಳಲ್ಲಿ ಆಗುವಂಥವು.